ಅರೆತಲೆನೋವಿನ ಜನಗಣತಿ

ಜ್ವರವನ್ನು ಅಳೆಯುವುದಕ್ಕೆ ಪಾದರಸದ ಕೊಳವೆಯುಂಟು. ಮಧುಮೇಹವನ್ನು ಹಿಡಿಯುವುದಕ್ಕೆ ರಕ್ತಪರೀಕ್ಷೆಯುಂಟು. ಕ್ಷಯವು ಎದೆಯ ಛಾಯಾಚಿತ್ರದಲ್ಲಿ ತನ್ನ ಕಲೆಯನ್ನು ಬಿಟ್ಟುಹೋಗುತ್ತದೆ. ಪ್ಲೇಗು ಕಾಲರಗಳಂತೂ ತಾವು ಬಂದುಹೋದುದಕ್ಕೆ ಸ್ಮಶಾನವನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತವೆ. ಅರೆತಲೆನೋವೆಂದು ನಮ್ಮವರೂ ಮೈಗ್ರೇನ್ ಎಂದು ಪಾಶ್ಚಾತ್ಯ ವೈದ್ಯರೂ ಕರೆಯುವ ವ್ಯಾಧಿಗೆ ಮಾತ್ರ ಇಂಥ ಸಾಕ್ಷಿ ಯಾವುದೂ ಇಲ್ಲ. ಗಂಟೆಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಹಣೆಗೆ ಬಟ್ಟೆ ಬಿಗಿದು ಮಲಗಿ, ವಾಂತಿಯಿಂದ ಬಳಲಿ, ಮಕ್ಕಳ ಮಾತೂ ಕಿವಿಗೆ ಮುಳ್ಳಾಗಿ ಒದ್ದಾಡಿದ ಮನುಷ್ಯನು ಮರುದಿನ ಎಂದಿನಂತೆ ಎದ್ದು ಓಡಾಡತೊಡಗಿದನೆಂದರೆ, ಅವನ ನಾಡಿಯಲ್ಲಾಗಲಿ ನೆತ್ತರಿನಲ್ಲಾಗಲಿ ಹಿಂದಿನ ದಿನದ ಸಂಕಟದ ಕುರುಹು ಏನೂ ಉಳಿದಿರುವುದಿಲ್ಲ. ಉಳಿದಿರುವುದು ಅವನ ನೆನಪು, ಆ ನೆನಪನ್ನು ಹೊರಗೆಡಹುವುದಕ್ಕೆ ಅವನ ಮಾತು.

ಆದುದರಿಂದ ಈ ರೋಗವು ಯಾವ ಜನರಲ್ಲಿ ಎಷ್ಟಿದೆ ಎಂಬುದನ್ನು ಕೇಳಿ ತಿಳಿಯಬೇಕಲ್ಲದೆ ಅನ್ಯಮಾರ್ಗವಿಲ್ಲ. ಯಾರನ್ನು ಕೇಳಿದರು, ಯಾವ ಮಾತುಗಳಿಂದ ಕೇಳಿದರು, ಆಸ್ಪತ್ರೆಯಲ್ಲಿ ಕುಳಿತು ಕೇಳಿದರೋ ಮನೆಯ ಬಾಗಿಲಿಗೆ ಹೋಗಿ ಕೇಳಿದರೋ ಎಂಬುದನ್ನನುಸರಿಸಿ ಉತ್ತರವು ಹಿಗ್ಗುತ್ತದೆ, ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿದ ಅಂಕಿಗಳನ್ನು ನೋಡಿ, ಇದು ಸಿರಿವಂತರ ರೋಗ, ಇದು ಬುದ್ಧಿವಂತರ ರೋಗ, ಇದು ಬಿಳಿಯರ ರೋಗ ಎಂದು ವಿದ್ವಾಂಸರು ಕಾಲಕಾಲಕ್ಕೆ ತೀರ್ಪು ಕೊಟ್ಟದ್ದೂ, ಪ್ರಶ್ನೆಯು ತಿದ್ದಿಕೊಂಡಂತೆಲ್ಲ ಆ ತೀರ್ಪುಗಳು ಒಂದೊಂದಾಗಿ ಬಿದ್ದುಹೋದದ್ದೂ ಈ ವಿಷಯದ ಇತಿಹಾಸದ ಸಾರವಾಗಿದೆ. ಆ ಇತಿಹಾಸವನ್ನು ಮೊದಲಿನಿಂದ ಒಮ್ಮೆ ಅವಲೋಕಿಸುವುದು ಈ ಲೇಖನದ ಉದ್ದೇಶ.

ಹೆಸರು ಮತ್ತು ಲಕ್ಷಣ

ರೋಗವೂ ಹಳೆಯದು, ಅದರ ಹೆಸರೂ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರವು ಶಿರೋರೋಗಗಳನ್ನು 11 ಎಂದು ಎಣಿಸಿ, ಅವುಗಳಲ್ಲಿ ತಲೆಯ ಅರ್ಧಭಾಗವನ್ನು ಸೀಳುವಂತೆ ನೋಯಿಸತಕ್ಕದ್ದನ್ನು ಅರ್ಧಾವಭೇದಕವೆಂದೂ, ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯತಕ್ಕದ್ದನ್ನು ಸೂರ್ಯಾವರ್ತವೆಂದೂ ವಿಂಗಡಿಸುತ್ತದೆ. ಚರಕಸಂಹಿತೆಯೂ ಈ ಎರಡನ್ನೂ ಬಲ್ಲದು. ಕ್ರಿಸ್ತಶಕ 2ನೆಯ ಶತಮಾನದಲ್ಲಿ ಕಪಡೋಸಿಯದ ಅರಿಟೀಯಸನೆಂಬ ಗ್ರೀಕ್ ವೈದ್ಯನು ಬೆಳಕಿಗೆ ಹೆದರಿ ಕತ್ತಲೆಯನ್ನು ಅರಸುವ ತಲೆಶೂಲೆಯವರನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದನು. ಅದೇ ಶತಮಾನದ ಗೇಲನನು ಬಳಸಿದ ‘ಹೆಮಿಕ್ರೇನಿಯ’ ಎಂಬ ಮಾತು, ಲ್ಯಾಟಿನ್ನಿನ ಮೂಲಕ ಸವೆಯುತ್ತ ಬಂದು, ಫ್ರೆಂಚರ ಬಾಯಲ್ಲಿ ಈಗಿನ ರೂಪವನ್ನು ತಾಳಿತು. ಸಂಸ್ಕೃತದ ಅರ್ಧ, ಗ್ರೀಕಿನ ಹೆಮಿ, ಕನ್ನಡದ ಅರೆ, ಈ ಮೂರೂ ಒಂದೇ ಅನುಭವದ ಕಡೆಗೆ ಬೆರಳು ಮಾಡುತ್ತಿರುವುದನ್ನು ಕಂಡಾಗ, ಇದು ಯಾವುದೋ ಒಂದು ಜನಾಂಗದ ಸೊತ್ತಲ್ಲವೆಂಬ ಶಂಕೆ ಆಗಲೇ ಹುಟ್ಟಬೇಕಾಗಿತ್ತು.

ಈ ಹೆಸರಿನಲ್ಲಿಯೇ ಒಂದು ತೊಡಕೂ ಅಡಗಿತ್ತು. ಅರೆತಲೆನೋವುಳ್ಳವರಲ್ಲಿ ಅನೇಕರಿಗೆ ನೋವು ಒಂದು ಕಡೆಯಲ್ಲಿಯೇ ನಿಲ್ಲದೆ ತಲೆಯ ಎರಡು ಪಾರ್ಶ್ವಗಳಿಗೂ ಹರಡುತ್ತದೆ. ‘ನಿಮಗೆ ಅರ್ಧ ತಲೆ ನೋಯುತ್ತದೆಯೆ?’ ಎಂದು ಕೇಳುವವನಿಗೆ ಇಂಥವರೆಲ್ಲರೂ ತಪ್ಪಿಹೋಗುತ್ತಾರೆ. ‘ನಿಮಗೆ ತಲೆ ನೋಯುತ್ತದೆಯೆ?’ ಎಂದು ಕೇಳುವವನಿಗಾದರೋ ಊರಿಗೆ ಊರೇ ಹೌದೆನ್ನುತ್ತದೆ. ಈ ಎರಡರ ನಡುವಿನ ಪ್ರಶ್ನೆಯನ್ನು ಕಂಡುಹಿಡಿಯುವುದಕ್ಕೆ ವೈದ್ಯಲೋಕಕ್ಕೆ 20ನೆಯ ಶತಮಾನದ ಬಹುಭಾಗ ಬೇಕಾಯಿತು.

ಪ್ರಾಚೀನ ವೈದ್ಯನಿಗೆ ಎಣಿಕೆಯ ಚಿಂತೆ ಇರಲಿಲ್ಲ. ತನ್ನ ಮುಂದೆ ಬಂದು ಕುಳಿತವನೇ ಅವನಿಗೆ ರೋಗಿ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಸ್ಥಿತಿ ಹೀಗೆಯೇ ಇತ್ತು. 1870ರಲ್ಲಿ ಹ್ಯೂಬರ್ಟ್ ಏರಿ ಎಂಬ ವೈದ್ಯನು, ನೋವು ತೊಡಗುವ ಮೊದಲು ತನ್ನ ಕಣ್ಣ ಮುಂದೆ ಕೋಟೆಯ ತೆನೆಗಳಂತೆ ಅಂಕುಡೊಂಕಾಗಿ ಹೊಳೆದು ಹಬ್ಬುವ ಬೆಳಕಿನ ರೇಖೆಗಳನ್ನು ಚಿತ್ರಿಸಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ರಾಜಜ್ಯೋತಿರ್ವಿದನಾಗಿದ್ದ ಅವನ ತಂದೆ ಜಾರ್ಜ್ ಏರಿಗೂ ಅದೇ ಅನುಭವವಿತ್ತು. 1873ರಲ್ಲಿ ಎಡ್ವರ್ಡ್ ಲಿವಿಂಗ್ ಈ ವ್ಯಾಧಿಯನ್ನು ಕುರಿತು ಬರೆದ ದೊಡ್ಡ ಗ್ರಂಥವು ಬಹುಕಾಲ ಆಧಾರಗ್ರಂಥವಾಗಿ ನಿಂತಿತು. ಆದರೆ ಲೇಖನಿ ಹಿಡಿಯಬಲ್ಲ ರೋಗಿಗಳು, ವೈದ್ಯನಿಗೆ ಹಣ ತೆರಬಲ್ಲ ರೋಗಿಗಳು, ನಕ್ಷತ್ರಗಳನ್ನು ನೋಡುವ ರೋಗಿಗಳು, ಇವರೇ ಗ್ರಂಥಗಳಲ್ಲಿ ತುಂಬಿಕೊಂಡಮೇಲೆ ಓದುವವರಿಗೆ ಬೇರೆ ಯಾವ ಅಭಿಪ್ರಾಯ ಮೂಡೀತು? ಗಣಿಯ ಕೂಲಿಗೂ ಅಡಿಗೆಯ ಹೆಂಗಸಿಗೂ ಕಣ್ಣ ಮುಂದೆ ಅದೇ ಕೋಟೆ ಹೊಳೆದಿರಬಹುದು, ಅದನ್ನು ಬರೆದಿಟ್ಟವರಿಲ್ಲ. 1930ರ ದಶಕದಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ವುಲ್ಫ್, ತನ್ನ ಬಳಿಗೆ ಬಂದ ರೋಗಿಗಳನ್ನು ನೋಡಿ, ಅರೆತಲೆನೋವಿನವರು ಮಹತ್ವಾಕಾಂಕ್ಷಿಗಳು, ಕ್ರಮಪ್ರಿಯರು, ಎಲ್ಲವೂ ಕುಂದಿಲ್ಲದಂತಿರಬೇಕೆಂದು ಹಟ ಹಿಡಿಯುವವರು ಎಂದು ಅವರ ಸ್ವಭಾವವನ್ನು ನಿರೂಪಿಸಿದಾಗ, ಬುದ್ಧಿವಂತರ ರೋಗವೆಂಬ ಕೀರ್ತಿ ಈ ವ್ಯಾಧಿಗೆ ಅಂಟಿಕೊಂಡುಬಿಟ್ಟಿತು.

ಆಸ್ಪತ್ರೆಯಿಂದ ಊರಿನೊಳಕ್ಕೆ

ಈ ಕೀರ್ತಿಗೆ ಮೊದಲ ಪೆಟ್ಟು ಬಿದ್ದುದು, ವೈದ್ಯರು ತಮ್ಮ ಕುರ್ಚಿಯನ್ನು ಬಿಟ್ಟು ಎದ್ದಾಗ. ಸ್ವೀಡನ್ನಿನ ಉಪ್ಸಾಲ ನಗರದಲ್ಲಿ ಬೋ ಬಿಲ್ಲೆ ಎಂಬ ಮಕ್ಕಳ ವೈದ್ಯನು, ರೋಗಿಗಳಾಗಿ ಬಂದ ಮಕ್ಕಳನ್ನು ಮಾತ್ರ ನೋಡದೆ, ಶಾಲೆಗೆ ಹೋಗುವ ಮಕ್ಕಳೆಲ್ಲರನ್ನೂ ವಿಚಾರಿಸಲು ಹೊರಟನು. 7ರಿಂದ 15 ವರ್ಷದೊಳಗಿನ ಸುಮಾರು 9,000 ಮಕ್ಕಳ ತಲೆನೋವಿನ ವೃತ್ತಾಂತವನ್ನು ಸಂಗ್ರಹಿಸಿ 1962ರಲ್ಲಿ ಪ್ರಕಟಿಸಿದನು. ಅವರಲ್ಲಿ ಶೇಕಡ 3.9 ಮಂದಿಗೆ ಅರೆತಲೆನೋವಿತ್ತು. ಅಂಕಿ ಸಣ್ಣದು, ಆದರೆ ಬೆರಳು ಚೀಪುವುದನ್ನು ಬಿಟ್ಟು ಬಹುಕಾಲವಾಗದ ಮಕ್ಕಳಲ್ಲಿಯೂ ಈ ರೋಗವುಂಟೆಂಬುದು, ಮಹತ್ವಾಕಾಂಕ್ಷೆಯೇ ಇದಕ್ಕೆ ಕಾರಣವೆನ್ನುವವರಿಗೆ ಸುಲಭವಾಗಿ ಜೀರ್ಣವಾಗತಕ್ಕ ಸಂಗತಿಯಾಗಿರಲಿಲ್ಲ. ಬಿಲ್ಲೆಯ ತಾಳ್ಮೆ ಅಷ್ಟಕ್ಕೇ ಮುಗಿಯಲಿಲ್ಲ. ರೋಗವು ತೀವ್ರವಾಗಿದ್ದ 73 ಮಕ್ಕಳನ್ನು ಅವನು 40 ವರ್ಷಗಳ ಕಾಲ ಹಿಂಬಾಲಿಸಿದನು. ಅವರು ಐವತ್ತರ ಹೊಸ್ತಿಲನ್ನು ತುಳಿದಾಗಲೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ರೋಗವು ಬಿಟ್ಟಿರಲಿಲ್ಲ.

ಎರಡನೆಯ ಪೆಟ್ಟು ವೇಲ್ಸ್ ಪ್ರಾಂತದಿಂದ ಬಂದಿತು. ಅಲ್ಲಿನ ಕಲ್ಲಿದ್ದಲ ಕಣಿವೆಗಳ ಊರಾದ ಪಾಂಟಿಪ್ರಿದ್ ಮೊದಲಾದ ಕಡೆಗಳಲ್ಲಿ ವಿಲಿಯಂ ವಾಟರ್ಸ್ ಎಂಬಾತನು ಸಾಮಾನ್ಯ ಜನರ ನಡುವೆ ಸಮೀಕ್ಷೆ ನಡೆಸಿ, ತಲೆನೋವಿನ ಪ್ರಶ್ನೆಗಳನ್ನು ಕೇಳುವುದರ ಜೊತೆಗೆ ಬುದ್ಧಿಶಕ್ತಿಯ ಪರೀಕ್ಷೆಯನ್ನೂ ಮಾಡಿ, ಅವರವರ ಸಾಮಾಜಿಕ ವರ್ಗವನ್ನೂ ಗುರುತಿಸಿಕೊಂಡು, 1971ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಅರೆತಲೆನೋವುಳ್ಳವರು ಉಳಿದವರಿಗಿಂತ ಬುದ್ಧಿವಂತರೂ ಆಗಿರಲಿಲ್ಲ, ಮೇಲ್ವರ್ಗದವರೂ ಆಗಿರಲಿಲ್ಲ. ಹಾಗಾದರೆ ವೈದ್ಯರೆಲ್ಲರೂ ಅಷ್ಟು ಕಾಲ ಕಂಡದ್ದು ಭ್ರಮೆಯೆ? ಭ್ರಮೆಯಲ್ಲ, ಅವರು ಕಂಡದ್ದು ಬಾಗಿಲಿನೊಳಗೆ ಬಂದವರನ್ನು. ನೋವುಳ್ಳವರಲ್ಲಿ ಬುದ್ಧಿಯಿಂದಲೂ ವರ್ಗದಿಂದಲೂ ಮೇಲಿದ್ದವರು ವೈದ್ಯರನ್ನು ಕಾಣುವುದು ಹೆಚ್ಚು, ಉಳಿದವರು ಕಾಣುವುದು ಕಡಿಮೆ ಎಂಬುದನ್ನು ವಾಟರ್ಸ್ ಗಮನಿಸಿದ್ದನು. ಆಸ್ಪತ್ರೆಯ ಹೊಸ್ತಿಲೇ ಒಂದು ಜರಡಿಯಾಗಿ, ಕೆಳಗುಳಿದವರನ್ನು ಕೆಳಗೇ ಉಳಿಸಿ, ಮೇಲೆ ಬಂದವರನ್ನು ಮಾತ್ರ ಶಾಸ್ತ್ರದ ಮುಂದೆ ಹಿಡಿದಿತ್ತು.

ಒಂದು ಲಕ್ಷಣಸೂತ್ರದ ರಚನೆ

ಊರಿನೊಳಕ್ಕೆ ಹೋಗುವ ಅಭ್ಯಾಸವೇನೋ ಬಂದಿತು. ಆದರೆ ಒಬ್ಬೊಬ್ಬ ಸಮೀಕ್ಷಕನು ಒಂದೊಂದು ಅಳತೆಗೋಲನ್ನು ಹಿಡಿದು ಹೋಗುತ್ತಿದ್ದನು. ಒಬ್ಬನಿಗೆ ವಾಂತಿಯಿದ್ದರೆ ಅದು ಅರೆತಲೆನೋವು, ಇನ್ನೊಬ್ಬನಿಗೆ ಕಣ್ಣ ಮುಂದೆ ಬೆಳಕು ಕಂಡಿರಲೇಬೇಕು, ಮತ್ತೊಬ್ಬನಿಗೆ ವಂಶದಲ್ಲಿ ಯಾರಿಗಾದರೂ ಇದ್ದಿರಬೇಕು. ಹೀಗಿರುವಲ್ಲಿ ಒಂದು ದೇಶದ ಅಂಕಿಯನ್ನು ಇನ್ನೊಂದು ದೇಶದ ಅಂಕಿಯೊಡನೆ ಹೋಲಿಸುವುದು ಸೇರಿನಿಂದಳೆದ ರಾಗಿಯನ್ನು ಕೊಳಗದಿಂದಳೆದ ಭತ್ತದೊಡನೆ ಹೋಲಿಸಿದಂತಾಗುತ್ತಿತ್ತು.

ಈ ಅವ್ಯವಸ್ಥೆಗೆ 1988ರಲ್ಲಿ ಒಂದು ತೆರೆ ಬಿದ್ದಿತು. ಡೆನ್ಮಾರ್ಕಿನ ಯೆಸ್ ಓಲೆಸೆನ್ನರ ಅಧ್ಯಕ್ಷತೆಯಲ್ಲಿ ಅಂತಾರಾಷ್ಟ್ರೀಯ ತಲೆನೋವು ಸಂಘದ ಸಮಿತಿಯು ತಲೆನೋವುಗಳೆಲ್ಲವನ್ನೂ ವರ್ಗೀಕರಿಸಿ, ಒಂದೊಂದಕ್ಕೂ ಲಕ್ಷಣಸೂತ್ರವನ್ನು ಗೊತ್ತುಮಾಡಿತು. ಪೂರ್ವಛಾಯೆಯಿಲ್ಲದ, ಅಂದರೆ ನೋವಿಗೆ ಮೊದಲು ಬೆಳಕಿನ ರೇಖೆಗಳಂಥ ಸೂಚನೆ ಕಾಣದ, ಅರೆತಲೆನೋವಿನ ಸೂತ್ರವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ: ಕನಿಷ್ಠಪಕ್ಷ 5 ಸಲ ಬಂದಿರಬೇಕು, ಚಿಕಿತ್ಸೆಯಿಲ್ಲದಿದ್ದರೆ 4ರಿಂದ 72 ಗಂಟೆಗಳವರೆಗೆ ಇರಬೇಕು, ಒಂದೇ ಪಾರ್ಶ್ವದಲ್ಲಿರುವುದು, ನಾಡಿಯಂತೆ ತುಡಿಯುವುದು, ಕೆಲಸಕ್ಕೆ ಅಡ್ಡಿಯಾಗುವಷ್ಟು ತೀವ್ರವಾಗಿರುವುದು, ನಡೆದಾಡಿದರೆ ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು ಎಂಬ ನಾಲ್ಕು ಗುಣಗಳಲ್ಲಿ ಎರಡಾದರೂ ಇರಬೇಕು, ಅದರ ಜೊತೆಗೆ ಹೊಟ್ಟೆ ತೊಳಸುವುದೋ ವಾಂತಿಯೋ, ಇಲ್ಲವೆ ಬೆಳಕು ಶಬ್ದಗಳೆರಡನ್ನೂ ಸಹಿಸಲಾರದಿರುವುದೋ ಇರಬೇಕು. ‘ಅರೆ’ ಎಂಬ ಗುಣವು ನಾಲ್ಕರಲ್ಲಿ ಒಂದು ಮಾತ್ರವಾಯಿತೆಂಬುದನ್ನು ಓದುಗರು ಗಮನಿಸಬೇಕು. ಈ ಸೂತ್ರವು 2004ರಲ್ಲಿಯೂ 2018ರಲ್ಲಿಯೂ ಪರಿಷ್ಕೃತವಾಯಿತಾದರೂ ಅದರ ಮೂಲಶರೀರ ಬದಲಾಗಲಿಲ್ಲ.

ಸೂತ್ರವನ್ನು ಜನರ ನಡುವೆ ಮೊದಲಿಗೆ ಪ್ರಯೋಗಿಸಿದವರಲ್ಲಿ ಕೋಪನ್‌ಹೇಗನ್ನಿನ ಬಿರ್ಟೆ ರಾಸ್ಮುಸೆನ್ ಪ್ರಮುಖಳು. ನಗರದ ಪಶ್ಚಿಮಭಾಗದಿಂದ 25ರಿಂದ 64 ವರ್ಷದ 1,000 ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಕರೆಸಿ, ಬಂದ 740 ಮಂದಿಯನ್ನು ವೈದ್ಯರಿಂದಲೇ ವಿಚಾರಿಸಿ ಪರೀಕ್ಷಿಸಿದಾಗ, ಜೀವಮಾನದಲ್ಲಿ ಎಂದಾದರೂ ಅರೆತಲೆನೋವನ್ನು ಅನುಭವಿಸಿದವರು ಶೇಕಡ 16, ಕಳೆದ ಒಂದು ವರ್ಷದೊಳಗೆ ಅನುಭವಿಸಿದವರು ಶೇಕಡ 10 ಎಂದು 1991ರಲ್ಲಿ ಪ್ರಕಟವಾಯಿತು. ವರ್ಷದ ಲೆಕ್ಕದಲ್ಲಿ ಗಂಡಸರು ಶೇಕಡ 6, ಹೆಂಗಸರು ಶೇಕಡ 15. ಮರುವರ್ಷ ಅಮೆರಿಕದಲ್ಲಿ ಸ್ಟೀವರ್ಟ್ ಮತ್ತು ಲಿಪ್ಟನ್ ಮೊದಲಾದವರು 20,000ಕ್ಕೂ ಹೆಚ್ಚು ಮಂದಿಯಿಂದ ಬರೆಯಿಸಿಕೊಂಡ ಉತ್ತರಗಳನ್ನು ಎಣಿಸಿ, ಹೆಂಗಸರಲ್ಲಿ ಶೇಕಡ 17.6, ಗಂಡಸರಲ್ಲಿ ಶೇಕಡ 5.7 ಎಂಬ ಅಂಕಿಗಳನ್ನು ಕೊಟ್ಟರು. 2004ರಲ್ಲಿ 1,60,000ಕ್ಕೂ ಮೇಲ್ಪಟ್ಟ ಜನರನ್ನು ಅದೇ ಕ್ರಮದಲ್ಲಿ ಕೇಳಿದಾಗ ಬಂದ ಉತ್ತರ ಶೇಕಡ 17.1 ಮತ್ತು 5.6. ಇಷ್ಟು ವರ್ಷಗಳ ಅಂತರದಲ್ಲಿ ಅಂಕಿಗಳು ಹೆಚ್ಚೇನೂ ಕದಲದಿದ್ದುದು ಪ್ರಶ್ನೆಯ ದಾರ್ಢ್ಯಕ್ಕೆ ಸಾಕ್ಷಿಯಾಯಿತು.

ಈ ಸಮೀಕ್ಷೆಗಳಿಂದ ಎರಡು ಸತ್ಯಗಳು ಸ್ಥಿರಪಟ್ಟವು. ಬಾಲ್ಯದಲ್ಲಿ ಗಂಡು ಹೆಣ್ಣುಗಳಲ್ಲಿ ಸರಿಸುಮಾರಾಗಿರತಕ್ಕ ಈ ರೋಗವು, ಹುಡುಗಿ ಮೈನೆರೆದ ಮೇಲೆ ಹೆಣ್ಣಿನ ಕಡೆಗೆ ವಾಲಿ, ಎರಡರಷ್ಟಕ್ಕೂ ಮೂರರಷ್ಟಕ್ಕೂ ಏರಿ, ಮೂವತ್ತೈದರಿಂದ ನಲವತ್ತೈದರ ಸುಮಾರಿನಲ್ಲಿ, ಅಂದರೆ ಸಂಸಾರದ ಭಾರವೂ ದುಡಿಮೆಯ ಭಾರವೂ ಹೆಗಲ ಮೇಲೆ ಪೂರ್ತಿಯಾಗಿ ಕುಳಿತ ವಯಸ್ಸಿನಲ್ಲಿ, ಶಿಖರವನ್ನು ಮುಟ್ಟಿ, ಮುಪ್ಪಿನಲ್ಲಿ ಇಳಿಯುತ್ತದೆ ಎಂಬುದು ಒಂದು. ಅಮೆರಿಕದ ಕಡಿಮೆ ವರಮಾನದ ಮನೆಗಳಲ್ಲಿ ಇದು ಹೆಚ್ಚು ವರಮಾನದ ಮನೆಗಳಲ್ಲಿರುವುದಕ್ಕಿಂತ ಶೇಕಡ 60ರಷ್ಟು ಅಧಿಕವೆಂಬುದು ಇನ್ನೊಂದು. ಸಿರಿವಂತರ ರೋಗವೆಂದು ಹೆಸರಾದದ್ದು ಕೊನೆಗೆ ಬಡವರ ಮನೆಯಲ್ಲಿ ಸಿಕ್ಕಿಬಿದ್ದಿತು.

ಪೂರ್ವಪಶ್ಚಿಮಗಳ ಭೇದ

ಹಳೆಯ ನಂಬಿಕೆಗಳು ಕಳಚಿಕೊಳ್ಳುತ್ತಿದ್ದ ಈ ಕಾಲದಲ್ಲಿಯೇ ಹೊಸದೊಂದು ನಂಬಿಕೆ ತಲೆಯೆತ್ತಿತು. 1996ರಲ್ಲಿ ಸ್ಟೀವರ್ಟ್ ಮತ್ತು ಸಂಗಡಿಗರು ಅಮೆರಿಕದ ಬಾಲ್ಟಿಮೋರ್ ಪ್ರಾಂತದಲ್ಲಿ ಮೂರು ಮೂಲದ ಜನರನ್ನು ಒಂದೇ ಪ್ರಶ್ನೆಯಿಂದ ವಿಚಾರಿಸಿ, ಹೆಂಗಸರಲ್ಲಿ ಐರೋಪ್ಯ ಮೂಲದವರಿಗೆ ಶೇಕಡ 20.4, ಆಫ್ರಿಕ ಮೂಲದವರಿಗೆ ಶೇಕಡ 16.2, ಏಷ್ಯ ಮೂಲದವರಿಗೆ ಶೇಕಡ 9.2 ಎಂದು ಕಂಡುಕೊಂಡರು. ಗಂಡಸರಲ್ಲಿಯೂ ಇದೇ ಇಳಿಜಾರು. ಇತರ ಖಂಡಗಳಿಂದ ಬಂದ ವರ್ತಮಾನಗಳೂ ಇದಕ್ಕೆ ಒತ್ತಾಸೆಯಾಗಿ ನಿಂತವು. ಜಪಾನಿನಲ್ಲಿ 1997ರಲ್ಲಿ ಶೇಕಡ 8.4, ತೈವಾನಿನ ತೈಪೆಯಲ್ಲಿ 2000ದಲ್ಲಿ ಶೇಕಡ 9.1, ನೈಜೀರಿಯದ ಇಗ್ಬೋ-ಓರ ಎಂಬಲ್ಲಿ ಓಸುಂಟೋಕುನ್ ಎಂಬ ಪ್ರಸಿದ್ಧ ನರವೈದ್ಯರು ಸುಮಾರು 19,000 ಮಂದಿಯನ್ನು ಮನೆಮನೆಯಲ್ಲಿ ವಿಚಾರಿಸಿ 1992ರಲ್ಲಿ ಪ್ರಕಟಿಸಿದ್ದು ಶೇಕಡ 5.3, ಇಥಿಯೋಪಿಯದ ಹಳ್ಳಿಗಳಲ್ಲಿ 1995ರಲ್ಲಿ ಶೇಕಡ 3, ಚೀನದಲ್ಲಿ 1980ರ ದಶಕದ ವಿಸ್ತಾರವಾದ ಸಮೀಕ್ಷೆಗಳಲ್ಲಿ ಶೇಕಡ ಒಂದಕ್ಕೂ ಕಡಿಮೆ.

ಬಿಳಿಯರಲ್ಲಿ ಹೆಚ್ಚು, ಕರಿಯರಲ್ಲಿ ಮಧ್ಯಮ, ಏಷ್ಯದವರಲ್ಲಿ ಅಲ್ಪ ಎಂಬ ಪಟ್ಟಿಯನ್ನು ಪಠ್ಯಗ್ರಂಥಗಳು ಎತ್ತಿಕೊಂಡವು. ಅದಕ್ಕೆ ರಕ್ತದ ಗುಣವೋ ಊಟದ ಗುಣವೋ ಕಾರಣವಿರಬೇಕೆಂಬ ಊಹೆಗಳೂ ಹುಟ್ಟಿದವು. ವಂಶದ ಪಾತ್ರವಿದೆಯೆಂಬುದರಲ್ಲಿ ಸಂದೇಹವೇನೂ ಇಲ್ಲ. ಯಮಳರ ಅಧ್ಯಯನಗಳು ಅದನ್ನು ಬಹಳ ಹಿಂದೆಯೇ ತೋರಿಸಿವೆ. 2022ರಲ್ಲಿ ಪ್ರಕಟವಾದ ಒಂದು ಮಹಾಶೋಧನೆಯು ಲಕ್ಷಕ್ಕೂ ಮೀರಿದ ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿ, ಈ ರೋಗದೊಡನೆ ನಂಟುಳ್ಳ 123 ಸ್ಥಾನಗಳನ್ನು ಗುರುತಿಸಿತು. ಅವುಗಳಲ್ಲೊಂದರ ಕಥೆ ಕುತೂಹಲಕರವಾದುದು. ಚಳಿಯನ್ನು ಗ್ರಹಿಸುವ ನರತಂತುಗಳಲ್ಲಿ ಕೆಲಸ ಮಾಡುವ ‘ಟಿಆರ್‌ಪಿಎಂ8’ ಎಂಬ ವಂಶವಾಹಿಯ ಒಂದು ರೂಪಭೇದವು ಅರೆತಲೆನೋವಿನ ಸಂಭವವನ್ನು ಹೆಚ್ಚಿಸುತ್ತದೆ. ಆ ರೂಪಭೇದವು ನೈಜೀರಿಯ ಮೂಲದವರಲ್ಲಿ ಶೇಕಡ 5ರಷ್ಟಿದ್ದು, ಉತ್ತರದ ಕಡೆಗೆ ಹೋದಂತೆಲ್ಲ ಏರುತ್ತ, ಫಿನ್‌ಲೆಂಡಿನವರಲ್ಲಿ ಶೇಕಡ 88ನ್ನು ಮುಟ್ಟುತ್ತದೆಂದು 2018ರಲ್ಲಿ ಪ್ರಕಟವಾಯಿತು. ಆಫ್ರಿಕದ ಬಿಸಿಲನ್ನು ಬಿಟ್ಟು ಉತ್ತರದ ಹಿಮಕ್ಕೆ ಹೋಗಿ ನೆಲೆಸಿದ ಪೂರ್ವಿಕರಿಗೆ ಚಳಿಯನ್ನು ಎದುರಿಸುವುದರಲ್ಲಿ ಅದು ಒದಗಿಬಂದಿರಬಹುದೆಂದೂ, ತಲೆನೋವು ಅದಕ್ಕೆ ತೆತ್ತ ಸುಂಕವಿರಬಹುದೆಂದೂ ಶೋಧಕರು ತರ್ಕಿಸಿದರು. ತರ್ಕವು ಸುಂದರವಾಗಿದೆ. ಆದರೆ ಒಂದು ವಂಶವಾಹಿಯ ಪ್ರಭಾವ ಅತ್ಯಲ್ಪ. ಇಥಿಯೋಪಿಯದ ಶೇಕಡ 3ಕ್ಕೂ ಅಮೆರಿಕದ ಹೆಂಗಸರ ಶೇಕಡ 17ಕ್ಕೂ ನಡುವಿನ ಕಂದರವನ್ನು ತುಂಬುವ ಶಕ್ತಿ ಅದಕ್ಕಿಲ್ಲ. ಆ ಕಂದರವನ್ನು ತುಂಬಿದ್ದು ಬೇರೆಯೇ ಒಂದು ಉಪಾಯ.

ಮತ್ತೊಮ್ಮೆ ಬಾಗಿಲಿಗೆ

2004ರಲ್ಲಿ ಕೋಪನ್‌ಹೇಗನ್ನಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಿಂದ, ತಲೆನೋವಿನ ಭಾರವನ್ನು ಇಳಿಸುವ ಜಾಗತಿಕ ಆಂದೋಲನವೊಂದು ಪ್ರಾರಂಭವಾಯಿತು. ಲಂಡನ್ನಿನ ತಿಮೊಥಿ ಸ್ಟೈನರ್, ನಾರ್ವೆಯ ಲಾರ್ಸ್ ಸ್ಟೋವ್ನರ್ ಮೊದಲಾದವರು ಮೊದಲು ಕೈಗೊಂಡ ಕೆಲಸವೆಂದರೆ ಲೋಕದ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ್ದು. 2007ರಲ್ಲಿ ಅವರು ಕೊಟ್ಟ ಲೆಕ್ಕದಂತೆ, ಪ್ರಪಂಚದ ವಯಸ್ಕರಲ್ಲಿ ಶೇಕಡ 11 ಮಂದಿ ಅರೆತಲೆನೋವಿನವರು. ಆದರೆ ಹಾಗೆ ಒಟ್ಟುಗೂಡಿಸುವಾಗಲೇ ಅವರಿಗೆ ಮನದಟ್ಟಾದ ಸಂಗತಿಯೊಂದಿತ್ತು: ಯೂರೋಪು ಅಮೆರಿಕಗಳಿಂದ ಬಂದ ಸಮೀಕ್ಷೆಗಳು ರಾಶಿಯಾಗಿದ್ದವು, ಭಾರತ, ಚೀನ, ಆಫ್ರಿಕಗಳಂಥ ಜನಭರಿತ ಭೂಭಾಗಗಳಿಂದ ನೆಚ್ಚತಕ್ಕ ಅಂಕಿಗಳು ಇಲ್ಲವೆನ್ನುವಷ್ಟು ವಿರಳವಾಗಿದ್ದವು.

ಆದುದರಿಂದ ಒಂದೇ ಪ್ರಶ್ನಾವಳಿಯನ್ನು ರಚಿಸಿ, ಅದನ್ನು ಆಯಾ ದೇಶದ ಭಾಷೆಗೆ ತಂದು, ತರಬೇತಿ ಹೊಂದಿದವರನ್ನು ಮನೆಮನೆಗೆ ಕಳುಹಿಸಿ, ಮನೆಗೊಬ್ಬ ವಯಸ್ಕರನ್ನು ಚೀಟಿ ಎತ್ತಿದಂತೆ ಆರಿಸಿ, ಆರಿಸಿದವರ ಬಾಯಿಂದಲೇ ಉತ್ತರವನ್ನು ಪಡೆಯುವ ಪದ್ಧತಿಯನ್ನು ಅವರು ರೂಢಿಸಿದರು. ಆರಿಸಿದವರು ಮನೆಯಲ್ಲಿಲ್ಲದಿದ್ದರೆ ಇನ್ನೊಮ್ಮೆ ಬರಬೇಕು; ಸಿಕ್ಕವರನ್ನು ಕೇಳಿ ಮುಗಿಸುವಂತಿಲ್ಲ. ಈ ಪದ್ಧತಿಯು ಒಂದೊಂದು ದೇಶವನ್ನು ಹೊಕ್ಕಂತೆ ಹಳೆಯ ಪಟ್ಟಿ ತಲೆಕೆಳಗಾಯಿತು. ಚೀನದಲ್ಲಿ ಶೇಕಡ ಒಂದನ್ನೂ ಮುಟ್ಟದಿದ್ದ ಅಂಕಿ 2012ರ ಹೊತ್ತಿಗೆ ಶೇಕಡ 9.3ಕ್ಕೆ ಏರಿತು. ಶೇಕಡ 3 ಎನಿಸಿಕೊಂಡಿದ್ದ ಇಥಿಯೋಪಿಯದಲ್ಲಿ 2016ರಲ್ಲಿ ಪ್ರಕಟವಾದುದು ಶೇಕಡ 17.7. ಝಾಂಬಿಯದಲ್ಲಿ ಶೇಕಡ 22.9, ರಷ್ಯದಲ್ಲಿ ಶೇಕಡ 20.8. ನೇಪಾಳದಲ್ಲಿ ಶೇಕಡ 34.1 ಎಂಬ ಅಂಕಿ ಬಂದಾಗ ಸಮೀಕ್ಷಕರೇ ಬೆರಗಾಗಿರಬೇಕು.

ಈ ಪರಿವರ್ತನೆಯನ್ನು ಹತ್ತಿರದಿಂದ ನೋಡಬೇಕೆನ್ನುವವರು ಬೆಂಗಳೂರಿನಿಂದ ದೂರ ಹೋಗಬೇಕಾಗಿಲ್ಲ. 1990ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ಗೌರೀದೇವಿಯವರೂ ಅವರ ಸಹೋದ್ಯೋಗಿಗಳೂ ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 1,02,557 ಮಂದಿಯನ್ನು ಒಳಗೊಂಡ ಮಹಾಸಮೀಕ್ಷೆಯೊಂದನ್ನು ನಡೆಸಿದರು. ಮೂರ್ಛೆರೋಗ, ಪಾರ್ಶ್ವವಾಯು ಮೊದಲ್ಗೊಂಡು ನರಸಂಬಂಧವಾದ ರೋಗಗಳೆಲ್ಲವನ್ನೂ ಒಂದೇ ಬಲೆಯಲ್ಲಿ ಹಿಡಿಯುವುದು ಅದರ ಉದ್ದೇಶ. ಅಷ್ಟು ದೊಡ್ಡ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದವರು ಆಗ ಲೋಕದಲ್ಲಿಯೇ ವಿರಳ. ಆ ಬಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ತಲೆನೋವೇ. ಆದರೂ ಅದರ ಪ್ರಮಾಣ ಲಕ್ಷಕ್ಕೆ 1,119, ಅಂದರೆ ನೂರಕ್ಕೆ ಒಬ್ಬರು ಮಾತ್ರ. ಅನಂತರ ಅದೇ ಸಂಸ್ಥೆಯ ಗುರುರಾಜ್, ಗಿರೀಶ್ ಕುಲಕರ್ಣಿ ಮೊದಲಾದವರು ಸ್ಟೈನರ್ ಮತ್ತು ಸ್ಟೋವ್ನರರ ಜೊತೆಗೂಡಿ, ಅದೇ ಬೆಂಗಳೂರಿನ ನಗರ ಗ್ರಾಮಾಂತರಗಳಲ್ಲಿ, ತಲೆನೋವೊಂದನ್ನೇ ವಿಷಯವಾಗಿಟ್ಟುಕೊಂಡು, 18ರಿಂದ 65 ವರ್ಷದ 2,329 ಮಂದಿಯನ್ನು ಮುಖಾಮುಖಿಯಾಗಿ ವಿಚಾರಿಸಿದರು. ವರ್ಷದೊಳಗೆ ಯಾವುದಾದರೊಂದು ಬಗೆಯ ತಲೆನೋವು ಬಂದವರು ಶೇಕಡ 63.9, ಅರೆತಲೆನೋವಿನವರು ಶೇಕಡ 25.2. ತಲೆನೋವಿನವರೆಲ್ಲ ಸೇರಿ ನೂರಕ್ಕೆ ಒಬ್ಬರಿದ್ದ ಕಡೆ ಅರೆತಲೆನೋವಿನವರೇ ನಾಲ್ವರಲ್ಲಿ ಒಬ್ಬರು. ಬೆಂಗಳೂರಿನ ನೀರು ಗಾಳಿಗಳಾಗಲಿ ಬೆಂಗಳೂರಿಗರ ವಂಶವಾಗಲಿ ಅಷ್ಟರೊಳಗೆ ಇಪ್ಪತ್ತುಪಟ್ಟು ಕೆಟ್ಟಿರಲಾರದು. ಕೆಟ್ಟದ್ದು ಏನೂ ಇಲ್ಲ. ಕೇಳುವ ಬಗೆ ಬದಲಾಯಿತು. ಮೂರ್ಛೆ, ಪಾರ್ಶ್ವವಾಯುಗಳ ಪಕ್ಕದಲ್ಲಿ ತಲೆನೋವನ್ನು ಇಟ್ಟು ಕೇಳಿದಾಗ, ‘ಅದೇನು ಹೇಳಿಕೊಳ್ಳುವಂಥದ್ದು!’ ಎಂದು ಜನ ಸುಮ್ಮನಾಗುತ್ತಾರೆ. ಅದನ್ನೇ ಮುಂದಿಟ್ಟು, ಎಷ್ಟು ಹೊತ್ತು, ಎಲ್ಲಿ, ಹೇಗೆ, ವಾಂತಿಯುಂಟೆ, ಬೆಳಕು ತಡೆಯುವುದೆ ಎಂದು ಸಾವಧಾನವಾಗಿ ಕೇಳಿದಾಗ ಮಾತು ಹೊರಬರುತ್ತದೆ. ಇಥಿಯೋಪಿಯದಲ್ಲಿ ಆದದ್ದೂ ಬಹುಮಟ್ಟಿಗೆ ಇದೇ ಇರಬೇಕು.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹೊಸ ಸಮೀಕ್ಷೆಗಳು, ಸೂತ್ರದ ಲಕ್ಷಣಗಳಲ್ಲಿ ಒಂದು ಮಾತ್ರ ಕೊರತೆಯಾದ ‘ಸಂಭಾವ್ಯ’ ಅರೆತಲೆನೋವನ್ನೂ ನಿಶ್ಚಿತವಾದುದರೊಡನೆ ಕೂಡಿಸಿ ಎಣಿಸುತ್ತವೆ. ಹಳೆಯ ಅನೇಕ ಸಮೀಕ್ಷೆಗಳು ಹಾಗೆ ಎಣಿಸುತ್ತಿರಲಿಲ್ಲ. ಏರಿಕೆಯ ಒಂದು ಪಾಲು ಈ ಕೂಡಿಕೆಯಿಂದ ಬಂದದ್ದು. ಆದುದರಿಂದ ಡೆನ್ಮಾರ್ಕಿನ ಶೇಕಡ 10ರ ಪಕ್ಕದಲ್ಲಿ ಕರ್ನಾಟಕದ ಶೇಕಡ 25ನ್ನು ನಿಲ್ಲಿಸಿ, ನಾವು ಡೇನರಿಗಿಂತ ಎರಡೂವರೆಪಟ್ಟು ನೋವುಣ್ಣುವವರೆಂದು ಸಾರಿದರೆ, ಬಿಳಿಯರ ರೋಗವೆಂದು ಸಾರಿದವರ ತಪ್ಪನ್ನೇ ತಿರುಗುಮುರುಗಾಗಿ ಮಾಡಿದಂತಾದೀತು.

ನಿಜವಾಗಿ ಉಳಿದ ಭೇದಗಳು

ಪ್ರಶ್ನೆಯ ಭೇದವನ್ನೆಲ್ಲ ಕಳೆದಮೇಲೆ ಉಳಿಯುವ ಭೇದಗಳೂ ಉಂಟು. ಅವು ಜನಾಂಗದ ಗೆರೆಯನ್ನು ಹಿಡಿದು ನಡೆಯುವುದಕ್ಕಿಂತ ಬದುಕಿನ ಗೆರೆಯನ್ನು ಹಿಡಿದು ನಡೆಯುವುದೇ ಹೆಚ್ಚು. ಹೆಣ್ಣು ಗಂಡುಗಳ ಭೇದ ಎಲ್ಲ ಖಂಡಗಳಲ್ಲಿಯೂ ಕಾಣುತ್ತದೆ. ಕರ್ನಾಟಕದ ಸಮೀಕ್ಷೆಯಲ್ಲಿಯೂ ಹೆಂಗಸರ ಪಾಲು ಗಂಡಸರದಕ್ಕಿಂತ ಬಹಳ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಹಳ್ಳಿಯವರು ಪಟ್ಟಣದವರಿಗಿಂತ ಹೆಚ್ಚಾಗಿ ಈ ನೋವನ್ನು ಉಣ್ಣುತ್ತಿದ್ದುದು ಕಂಡುಬಂದಿತು. ನಗರದ ಗದ್ದಲ, ಹೊಗೆ, ಕಚೇರಿಯ ಒತ್ತಡ ಇವುಗಳಿಂದಲೇ ಅರೆತಲೆನೋವು ಹುಟ್ಟುತ್ತದೆಂದು ನಂಬಿರುವ ನಮ್ಮ ಪಟ್ಟಣಿಗರು ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಎತ್ತರದ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ಪೆರು ದೇಶದಲ್ಲಿ ಸಮುದ್ರಮಟ್ಟದಿಂದ 4,300 ಮೀಟರ್ ಎತ್ತರದಲ್ಲಿರುವ ಗಣಿಯೂರು ಸೆರ್ರೋ ದೆ ಪಾಸ್ಕೋ. ಅಲ್ಲಿನವರಲ್ಲಿ ಅರೆತಲೆನೋವು ಶೇಕಡ 12.4, ಕಡಲ ತಡಿಯವರಲ್ಲಿ ಶೇಕಡ 3.6 ಎಂದು 1991ರಲ್ಲಿಯೇ ಅರೆಗುಯಿ ಮೊದಲಾದವರು ವರದಿ ಮಾಡಿದ್ದರು. ನೇಪಾಳದ ಸಮೀಕ್ಷೆಯು ತಗ್ಗಿನ ತರಾಯಿಯಿಂದ ಬೆಟ್ಟದ ನೆತ್ತಿಯವರೆಗೂ ಹಬ್ಬಿದ್ದುದರಿಂದ, ಒಂದೇ ಪ್ರಶ್ನೆಯಿಂದ ಎತ್ತರಗಳನ್ನು ಹೋಲಿಸುವ ಅವಕಾಶ ದೊರೆಯಿತು: ತಗ್ಗಿನಲ್ಲಿ ಶೇಕಡ 28ರ ಸುಮಾರಿನಲ್ಲಿದ್ದುದು ಏರುತ್ತ ಏರುತ್ತ 2,000ದಿಂದ 2,500 ಮೀಟರುಗಳ ನಡುವೆ ಶೇಕಡ 45ನ್ನು ದಾಟಿ, ಅದಕ್ಕೂ ಮೇಲೆ ಸ್ವಲ್ಪ ಇಳಿಯಿತು. ಪ್ರಾಣವಾಯು ತೆಳುವಾದಲ್ಲಿ ಮಿದುಳಿನ ರಕ್ತನಾಳಗಳು ಹಿಗ್ಗುವುದು ಇದಕ್ಕೆ ಕಾರಣವಿದ್ದೀತೆಂಬ ತರ್ಕವುಂಟು.

ನೋವನ್ನು ಕೆರಳಿಸತಕ್ಕ ನಿಮಿತ್ತಗಳೂ ನಾಡಿನಿಂದ ನಾಡಿಗೆ ಬೇರೆ. ಪಾಶ್ಚಾತ್ಯ ಗ್ರಂಥಗಳು ಕೆಂಪು ಮದ್ಯವನ್ನೂ ಗಿಣ್ಣನ್ನೂ ಹೆಸರಿಸುತ್ತ ಕುಳಿತಿರುವಾಗ, ಮುಂಬಯಿಯ ವೈದ್ಯ ರವಿಶಂಕರರು, ತಲೆಗೆ ಎರೆದುಕೊಂಡ ದಿನ ನೋವು ಬರುವ 94 ಭಾರತೀಯ ರೋಗಿಗಳ ವೃತ್ತಾಂತವನ್ನು 2006ರಲ್ಲಿ ಪ್ರಕಟಿಸಿದರು. ನೀಳ ಕೂದಲು ಒದ್ದೆಯಾಗಿ ಹೊತ್ತು ಹೊತ್ತು ಆರದಿರುವ ನಮ್ಮ ಹೆಂಗಸರ ಅನುಭವ ಅದು. ಯೂರೋಪಿನ ಪ್ರಶ್ನಾವಳಿಯಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಅಜ್ಜಿಯರಿಗೆ ಗೊತ್ತಿದ್ದುದು ಶಾಸ್ತ್ರಕ್ಕೆ ಗೊತ್ತಾಗುವುದಕ್ಕೆ, ಅಜ್ಜಿಯರ ನಾಡಿನ ವೈದ್ಯನೊಬ್ಬನು ಕಿವಿಗೊಡಬೇಕಾಯಿತು.

ಲೆಕ್ಕದ ಫಲ

ಈ ಗಣನೆಗಳೆಲ್ಲ ಒಣ ಅಂಕಿಗಳ ಆಟವಾಗಿ ಉಳಿಯಲಿಲ್ಲ. ಮರಣವನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಅರೆತಲೆನೋವಿಗೆ ಸ್ಥಾನವಿಲ್ಲ, ಏಕೆಂದರೆ ಅದು ಕೊಲ್ಲುವ ರೋಗವಲ್ಲ. ಬದುಕಿದ್ದೂ ಬದುಕಲಾಗದೆ ಕಳೆದ ದಿನಗಳನ್ನು ಎಣಿಸತಕ್ಕ ಜಾಗತಿಕ ರೋಗಭಾರದ ಲೆಕ್ಕವು ಪ್ರಾರಂಭವಾದಾಗಲೂ ಮೊದಲಿಗೆ ಇದನ್ನು ಯಾರೂ ಸೇರಿಸಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2001ರ ವರದಿಯು ಇದನ್ನು ಅಶಕ್ತತೆಯ ಕಾರಣಗಳಲ್ಲಿ 19ನೆಯದೆಂದು ಕೂರಿಸಿತು. 2010ರ ಲೆಕ್ಕದಲ್ಲಿ ಅದು 7ನೆಯದಾಯಿತು. 2016ರ ಲೆಕ್ಕದಲ್ಲಿ ಎರಡನೆಯದಾಗಿ, ಲೋಕದಲ್ಲಿ 100 ಕೋಟಿಗೂ ಹೆಚ್ಚು ಮಂದಿಯನ್ನು ಕಾಡುವುದೆಂದು ಎಣಿಕೆಗೆ ಬಂದಿತು. ಐವತ್ತರೊಳಗಿನವರಲ್ಲಿ ಇದೇ ಮೊದಲನೆಯದೆಂದು ಸ್ಟೈನರ್ ಮತ್ತು ಸಂಗಡಿಗರು 2018ರಲ್ಲಿ ಬರೆದರು. ಹದಿನೈದು ವರ್ಷಗಳಲ್ಲಿ ರೋಗವು ಹತ್ತೊಂಬತ್ತು ಮೆಟ್ಟಿಲುಗಳಲ್ಲಿ ಹದಿನೇಳನ್ನು ಹತ್ತಿದ್ದು, ಅದು ಬೆಳೆದುದರಿಂದಲ್ಲ. ಬಡನಾಡುಗಳ ಲೆಕ್ಕ ಬಂದು ಸೇರಿದುದರಿಂದ, ನೋವಿನ ತೂಕವನ್ನು ಸರಿಯಾಗಿ ತೂಗಿದುದರಿಂದ. 2022ರಲ್ಲಿ ಸ್ಟೋವ್ನರ್ ಮತ್ತು ಸಂಗಡಿಗರು 357 ಪ್ರಕಟಣೆಗಳನ್ನು ಮತ್ತೆ ಜಾಲಿಸಿ, ಲೋಕದ ಜನರಲ್ಲಿ ಶೇಕಡ 14 ಮಂದಿ ಅರೆತಲೆನೋವಿನವರೆಂದು ನಿರ್ಣಯಿಸಿದ್ದಾರೆ.

ಚಿಕಿತ್ಸೆಯೂ ಈ ಅವಧಿಯಲ್ಲಿ ಬಹುದೂರ ಸಾಗಿದೆ. ನೋವಿನ ನರಗಳು ಸ್ರವಿಸುವ ಸಿಜಿಆರ್‌ಪಿ ಎಂಬ ದ್ರವ್ಯಕ್ಕೆ ಈ ರೋಗದಲ್ಲಿರುವ ಪಾತ್ರವನ್ನು ಪತ್ತೆಹಚ್ಚಿ, ಆ ದ್ರವ್ಯವನ್ನು ತಡೆಯುವ ಔಷಧಗಳಿಗೆ ದಾರಿ ಮಾಡಿದುದಕ್ಕಾಗಿ ಓಲೆಸೆನ್ ಸೇರಿದಂತೆ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಬ್ರೇನ್ ಪ್ರಶಸ್ತಿ ಸಂದಿತು. ಆದರೆ ಔಷಧವಿರುವುದು ಒಂದು, ಅದು ಬೇಕಾದವರು ಯಾರೆಂದು ತಿಳಿದಿರುವುದು ಇನ್ನೊಂದು. ವಾಟರ್ಸ್ ವೇಲ್ಸಿನಲ್ಲಿ ಕಂಡ ಜರಡಿ ಇಂದಿಗೂ ಎಲ್ಲ ಆಸ್ಪತ್ರೆಗಳ ಬಾಗಿಲಲ್ಲಿ ತೂಗಾಡುತ್ತಿದೆ.

ಆದುದರಿಂದ ಈ ಸಮೀಕ್ಷೆಯನ್ನು ಓದುಗರಿಗೊಂದು ಬಿನ್ನಹದೊಡನೆ ಮುಗಿಸುವುದು ಉಚಿತ. ನಮ್ಮಲ್ಲಿ ಗಣತಿಯವರು ಬಂದಾಗ ಜಗಲಿಯ ಮೇಲೆ ಕುಳಿತ ಯಜಮಾನರೇ ಮನೆಯವರೆಲ್ಲರ ಪರವಾಗಿ ಉತ್ತರ ಹೇಳಿ ಕಳುಹಿಸುವುದು ಪದ್ಧತಿ. ವಯಸ್ಸು, ವಿದ್ಯೆ, ವರಮಾನಗಳ ಲೆಕ್ಕಕ್ಕೆ ಅದು ಸಾಕು. ತಲೆನೋವಿನ ಲೆಕ್ಕಕ್ಕೆ ಸಾಲದು; ಹಣೆಗೆ ಅಮೃತಾಂಜನವನ್ನು ತಿಕ್ಕಿಕೊಂಡು, ಸೆರಗನ್ನು ತಲೆಗೆ ಬಿಗಿದು, ಒಲೆಯ ಮುಂದೆ ನಿಂತಿರುವವಳ ನೋವು ಜಗಲಿಯವರೆಗೆ ಬಂದಿರುವುದಿಲ್ಲ. ಮುಂದೆ ಎಂದಾದರೂ ಯಾರಾದರೂ ಬಂದು ಈ ಪ್ರಶ್ನೆಯನ್ನು ಕೇಳಿದರೆ, ದಯಮಾಡಿ ಒಳಗಿರುವವರನ್ನು ಹೊರಗೆ ಕರೆದು, ಉತ್ತರವನ್ನು ಅವರೇ ಹೇಳುವುದಕ್ಕೆ ಬಿಡಿ.